ಇಂಗ್ಲಿಷರು ಕಳೆದುಕೊಂಡ ‘ನೀನು’

ಷೇಕ್ಸ್‌ಪಿಯರನ ನಾಟಕಭಾಗಗಳನ್ನಾಗಲಿ ಹಳೆಯ ಇಂಗ್ಲಿಷ್ ಕವಿತೆಗಳನ್ನಾಗಲಿ ಶಾಲಾಕಾಲೇಜುಗಳಲ್ಲಿ ಓದಿದವರಿಗೆ ‘ದೌ’, ‘ದೀ’, ‘ದೈ’, ‘ದೈನ್’ ಎಂಬ ನಾಲ್ಕು ಪದಗಳು ಪರಿಚಿತವೇ. ಇಂದಿನ ಶಿಷ್ಟ ಇಂಗ್ಲಿಷ್‌ನಲ್ಲಿ ಇವುಗಳ ಬಳಕೆ ಇಲ್ಲ. ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ‘ದೌ’ ಎಂದರೆ ‘ಯೂ’ ಎಂದು ಬರೆದು ಮುಂದೆ ಸಾಗುವುದು ವಾಡಿಕೆ. ಈ ವಿವರಣೆ ತಪ್ಪಲ್ಲ, ಆದರೆ ಅಪೂರ್ಣ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಪದವನ್ನು ತಿಳಿಸಿಕೊಡಲು ಎರಡು ಪುಟಗಳ ವಿವರಣೆ ಬೇಕಾಗಬಹುದು. ಕನ್ನಡಿಗರಿಗೆ ಒಂದು ವಾಕ್ಯ ಸಾಕು: ‘ದೌ’ ಎಂದರೆ ‘ನೀನು’, ‘ಯೂ’ ಎಂದರೆ ‘ನೀವು’.

ಒಂದು ಕಾಲದಲ್ಲಿ ಇಂಗ್ಲಿಷರಿಗೂ ನಮ್ಮಂತೆಯೇ ನೀನು–ನೀವು ಎಂಬ ಭೇದವಿತ್ತು. ಸುಮಾರು ನಾಲ್ಕು ಶತಮಾನಗಳ ಕಾಲ ಅವರು ಅದನ್ನು ಬಹಳ ಸೂಕ್ಷ್ಮವಾಗಿ ಬಳಸಿದರು. ಆಮೇಲೆ ‘ನೀನು’ ಎಂಬುದನ್ನು ಕೈಬಿಟ್ಟು, ಚಕ್ರವರ್ತಿಗೂ ಚಾಕರನಿಗೂ, ಹೆತ್ತ ಮಗುವಿಗೂ ಸಾಕಿದ ನಾಯಿಗೂ ‘ನೀವು’ ಎನ್ನತೊಡಗಿದರು. ಒಂದು ಸರ್ವನಾಮದ ಈ ಉದಯಾಸ್ತಗಳ ಕಥೆ ಕುತೂಹಲಕರವಾದುದು. ಮನೆಯಲ್ಲಿ ಕನ್ನಡವನ್ನೂ ಹೊರಗೆ ಇಂಗ್ಲಿಷನ್ನೂ ಆಡುವ ನಮ್ಮಂಥ ಕುಟುಂಬಗಳಿಗೆ ಅದರಲ್ಲಿ ಯೋಚಿಸಬೇಕಾದ ಸಂಗತಿಯೂ ಇದೆ.

ಪದದ ರೂಪಗಳು

ಮೊದಲು ಇದರ ವ್ಯಾಕರಣವನ್ನು ಸ್ಥೂಲವಾಗಿ ನೋಡೋಣ. ‘ದೌ’ ಎಂದರೆ ನೀನು. ‘ದೀ’ ಎಂದರೆ ನಿನ್ನನ್ನು ಅಥವಾ ನಿನಗೆ. ‘ದೈ’ ಎಂದರೆ ನಿನ್ನ. ‘ದೈನ್’ ಎಂದರೆ ನಿನ್ನದು; ಮುಂದಿನ ಪದ ಸ್ವರದಿಂದ ಆರಂಭವಾದರೆ ‘ನಿನ್ನ’ ಎಂಬ ಅರ್ಥದಲ್ಲಿಯೂ ಇದೇ ರೂಪ ಬರುತ್ತಿತ್ತು. ಬಹುವಚನದಲ್ಲಿ ನೀವು ಎನ್ನುವುದಕ್ಕೆ ‘ಯೀ’, ನಿಮ್ಮನ್ನು ಮತ್ತು ನಿಮಗೆ ಎನ್ನುವುದಕ್ಕೆ ‘ಯೂ’. ಇಂದು ಕರ್ತೃಸ್ಥಾನದಲ್ಲಿ ರಾರಾಜಿಸುತ್ತಿರುವ ‘ಯೂ’ ಮೂಲದಲ್ಲಿ ಕರ್ಮಸ್ಥಾನದ ಪದವಾಗಿತ್ತು ಎಂಬುದು ಗಮನಾರ್ಹ.

ಕನ್ನಡದಲ್ಲಿ ‘ನೀನು ಬರುತ್ತೀಯೆ’, ‘ನೀವು ಬರುತ್ತೀರಿ’ ಎಂದು ಕ್ರಿಯಾಪದವೂ ಬದಲಾಗುವಂತೆ ಅಂದಿನ ಇಂಗ್ಲಿಷ್‌ನಲ್ಲಿಯೂ ಬದಲಾಗುತ್ತಿತ್ತು. ‘ಯೂ ಆರ್’ ಎನ್ನುವ ಕಡೆ ‘ದೌ ಆರ್ಟ್’, ‘ಯೂ ಹ್ಯಾವ್’ ಎನ್ನುವ ಕಡೆ ‘ದೌ ಹ್ಯಾಸ್ಟ್’, ‘ಯೂ ವಿಲ್’ ಎನ್ನುವ ಕಡೆ ‘ದೌ ವಿಲ್ಟ್’ ಎಂಬ ರೂಪಗಳಿದ್ದವು. ‘ದೌ’ ಮರೆಯಾದಾಗ ಈ ಕ್ರಿಯಾಪ್ರತ್ಯಯಗಳೂ ಅದರೊಡನೆ ಮರೆಯಾದವು.

ಸಂಸ್ಕೃತದ ಸೋದರಸಂಬಂಧಿ

ಇಂಗ್ಲಿಷಿನ ಅತ್ಯಂತ ಹಳೆಯ ಪದಗಳಲ್ಲಿ ‘ದೌ’ ಒಂದು. ಇದರ ಮೂಲವನ್ನು ಅರಿಯಲು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗ ನೆರವಾಗುತ್ತದೆ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸರ್ ವಿಲಿಯಂ ಜೋನ್ಸ್ ಅವರು, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂಬ ಅಭಿಪ್ರಾಯವನ್ನು ಮಂಡಿಸಿದರು. ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳೂ ಈ ಇಂಡೋ-ಯುರೋಪಿಯನ್ ಕುಟುಂಬಕ್ಕೇ ಸೇರಿದವು. ಮೂಲಭಾಷೆಯ ‘ತ’ಕಾರ ಜರ್ಮಾನಿಕ್ ಶಾಖೆಯಲ್ಲಿ ‘ಥ’ದಂಥ ಉಚ್ಚಾರಣೆಯಾಗಿ ಬದಲಾಯಿತೆಂಬ ನಿಯಮವನ್ನು ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ನಿರೂಪಿಸಿದರು. ಸಂಸ್ಕೃತದ ‘ತ್ರಿ’ ಇಂಗ್ಲಿಷಿನ ‘ಥ್ರೀ’ಗೆ, ‘ತತ್’ ಎಂಬುದು ‘ದ್ಯಾಟ್’ಗೆ ಸಂವಾದಿಯಾಗಿರುವಂತೆಯೇ ‘ತ್ವಮ್’ ಎಂಬುದು ‘ದೌ’ಗೆ ಸಂವಾದಿ. ಲ್ಯಾಟಿನ್ನಿನ ‘ತೂ’, ಜರ್ಮನ್ನಿನ ‘ದೂ’, ಹಿಂದಿ ಮತ್ತು ಮರಾಠಿಯ ‘ತೂ’ ಇವೆಲ್ಲವೂ ಒಂದೇ ಬಳ್ಳಿಯ ಹೂಗಳು. ಮುಂಬಯಿಯ ಬೀದಿಯಲ್ಲಿ ಗೆಳೆಯನೊಬ್ಬ ಗೆಳೆಯನನ್ನು ‘ತೂ’ ಎಂದು ಕರೆದಾಗ, ಇಂಗ್ಲಿಷ್ ಕಳೆದುಕೊಂಡ ಪದದ ಹತ್ತಿರದ ನಂಟನೊಬ್ಬನ ಧ್ವನಿಯನ್ನೇ ನಾವು ಕೇಳುತ್ತಿರುತ್ತೇವೆ.

ಹಳೆಯ ಇಂಗ್ಲಿಷ್‌ನಲ್ಲಿ ಸಂಸ್ಕೃತದಂತೆ ಮಧ್ಯಮಪುರುಷಕ್ಕೆ ಮೂರು ವಚನಗಳೂ ಇದ್ದವು. ಸಂಸ್ಕೃತದಲ್ಲಿ ತ್ವಮ್, ಯುವಾಮ್, ಯೂಯಮ್ ಎಂದು ಏಕವಚನ, ದ್ವಿವಚನ, ಬಹುವಚನಗಳಿರುವ ಹಾಗೆ, ಅಲ್ಲಿಯೂ ಒಬ್ಬನಿಗೆ, ಇಬ್ಬರಿಗೆ ಮತ್ತು ಹಲವರಿಗೆ ಬೇರೆ ಬೇರೆ ಪದಗಳು. ‘ನೀವಿಬ್ಬರು’ ಎಂಬ ಅರ್ಥದ ‘ಯಿಟ್’ ಎಂಬ ಪದ 13ನೆಯ ಶತಮಾನದ ವೇಳೆಗೆ ಕಣ್ಮರೆಯಾಯಿತು. ಆ ಮೇಲೆ ಉಳಿದವು ‘ದೌ’ ಮತ್ತು ‘ಯೀ’ ಎಂಬ ಎರಡೇ. ಆ ಹಂತದಲ್ಲಿ ಇವುಗಳ ನಡುವಿನ ಭೇದ ಕೇವಲ ಸಂಖ್ಯೆಯದಾಗಿತ್ತು. ಒಬ್ಬನೇ ಆದರೆ, ಆತ ಅರಸನೇ ಆಗಿದ್ದರೂ, ‘ದೌ’. ಗೌರವದ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

ಕನ್ನಡದ ‘ನೀನು’ ಈ ಕುಟುಂಬದ್ದಲ್ಲ. ತಮಿಳಿನ ‘ನೀ’, ತೆಲುಗಿನ ‘ನೀವು’ ಮತ್ತು ‘ನುವ್ವು’ ಇವುಗಳ ಜತೆಗೆ ಅದು ದ್ರಾವಿಡ ಕುಟುಂಬಕ್ಕೆ ಸೇರಿದುದು. ತೆಲುಗಿನಲ್ಲಿ ‘ನೀವು’ ಎಂಬುದು ಏಕವಚನವೆಂಬುದನ್ನು ಹೈದರಾಬಾದಿನ ಕನ್ನಡಿಗರು ಬಲ್ಲರು. ಮೂಲ ಬೇರೆಯಾದರೂ ಬಳಕೆಯ ದಾರಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಬಹುದೂರ ಜತೆಯಾಗಿಯೇ ನಡೆದವು.

ಗೌರವದ ಬಹುವಚನ

ಒಬ್ಬನೇ ವ್ಯಕ್ತಿಯನ್ನು ಗೌರವಾರ್ಥವಾಗಿ ಬಹುವಚನದಿಂದ ಸಂಬೋಧಿಸುವ ಪದ್ಧತಿ ಯುರೋಪಿನಲ್ಲಿ ರೋಮನ್ ಚಕ್ರವರ್ತಿಗಳ ಸಂಬೋಧನೆಯಿಂದ, ಸುಮಾರು 4ನೆಯ ಶತಮಾನದಿಂದ, ಬೆಳೆಯಿತೆಂದು ವಿದ್ವಾಂಸರು ಹೇಳುತ್ತಾರೆ. ಲ್ಯಾಟಿನ್ನಿನ ಬಹುವಚನವಾದ ‘ವೋಸ್’ ಫ್ರೆಂಚಿನಲ್ಲಿ ‘ವೂ’ ಆಗಿ, ದೊಡ್ಡವರನ್ನು ಕರೆಯುವ ಪದವಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ಆಸ್ಥಾನದ ಭಾಷೆ ಫ್ರೆಂಚ್ ಆಯಿತು. ಆ ಫ್ರೆಂಚ್ ನಡವಳಿಕೆಯ ಪ್ರಭಾವದಿಂದ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿಯೂ ದೊಡ್ಡವರಿಗೆ ‘ಯೀ’ ಮತ್ತು ‘ಯೂ’ ಎನ್ನುವ ರೂಢಿ ಕಾಣಿಸಿಕೊಂಡಿತು.

ಅಲ್ಲಿಂದ ಮುಂದೆ ಸಂಖ್ಯಾಭೇದಕ್ಕೆ ಸಂಬಂಧಭೇದವೂ ಸೇರಿಕೊಂಡಿತು. ಒಡೆಯ ಆಳಿಗೆ ‘ದೌ’ ಎಂದರೆ ಆಳು ಒಡೆಯನಿಗೆ ‘ಯೂ’ ಎನ್ನುತ್ತಿದ್ದ. ತಂದೆತಾಯಿಗಳು ಮಕ್ಕಳಿಗೆ ‘ದೌ’, ಮಕ್ಕಳು ತಂದೆತಾಯಿಗಳಿಗೆ ‘ಯೂ’. ಕುಲೀನರು ತಮ್ಮತಮ್ಮೊಳಗೆ ‘ಯೂ’, ಸಾಮಾನ್ಯ ಜನ ತಮ್ಮತಮ್ಮೊಳಗೆ ‘ದೌ’. ಪ್ರೇಮಿಗಳ ಏಕಾಂತದಲ್ಲಿ ‘ದೌ’. ಜಗಳದ ಬಿಸಿಯಲ್ಲಿಯೂ ‘ದೌ’. ಸಲಿಗೆ ಮತ್ತು ತಿರಸ್ಕಾರ ಎರಡನ್ನೂ ಒಂದೇ ಪದ ಹೊರುತ್ತಿತ್ತು. ಯಾವುದು ಯಾವುದೆಂಬುದನ್ನು ಸಂದರ್ಭವೇ ತಿಳಿಸಬೇಕಿತ್ತು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಏಕವಚನಕ್ಕೆ ಇಳಿದಾಗ

ಜಗಳವೊಂದು ಮಿತಿಮೀರಿತೆಂದು ಹೇಳಲು ನಾವು ‘ಮಾತು ಏಕವಚನಕ್ಕೆ ಇಳಿಯಿತು’ ಎನ್ನುತ್ತೇವೆ. ವ್ಯಾಕರಣದ ಪಾರಿಭಾಷಿಕ ಪದವೊಂದು ಬೀದಿಜಗಳದ ವರ್ಣನೆಗೆ ಒದಗಿಬಂದಿರುವುದು ಸ್ವಾರಸ್ಯಕರ. ಇಂಗ್ಲಿಷಿನಲ್ಲಿಯೂ ಇದೇ ಅರ್ಥಕ್ಕೆ ‘ದೌ’ ಎಂಬ ಸರ್ವನಾಮವನ್ನೇ ಕ್ರಿಯಾಪದವಾಗಿ ಬಳಸುತ್ತಿದ್ದರು. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ಎಂಬಾತ ತನ್ನ ಪೆದ್ದ ಗೆಳೆಯನನ್ನು ದ್ವಂದ್ವಯುದ್ಧಕ್ಕೆ ಹುರಿದುಂಬಿಸುತ್ತ, ಎದುರಾಳಿಗೆ ಬರೆಯುವ ಸವಾಲಿನ ಪತ್ರದಲ್ಲಿ ಮೂರು ಬಾರಿ ‘ದೌ’ ಎಂದು ಸಂಬೋಧಿಸಿದರೆ ತಪ್ಪೇನಿಲ್ಲ ಎಂದು ಉಪದೇಶಿಸುತ್ತಾನೆ. ಅಂದಿನ ಪ್ರೇಕ್ಷಕರು ಇಲ್ಲಿ ನಕ್ಕಿರಬೇಕು. ಇಂದಿನ ಇಂಗ್ಲಿಷ್ ಓದುಗನಿಗೆ ಇದು ಟಿಪ್ಪಣಿಯಿಲ್ಲದೆ ತಿಳಿಯದು. ಕನ್ನಡ ಓದುಗನಿಗೆ ತಾನಾಗಿಯೇ ತಿಳಿಯುತ್ತದೆ.

‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ಇನ್ನೂ ಸೂಕ್ಷ್ಮವಾದ ಉದಾಹರಣೆ ಇದೆ. ರಾಣಿ ಗರ್ಟ್ರೂಡ್ ಮಗನನ್ನು ತನ್ನ ಕೋಣೆಗೆ ಕರೆಸಿ ಗದರಿಸುವಾಗ ತಾಯಿಯ ಸಲಿಗೆಯಿಂದ ಏಕವಚನದಲ್ಲಿಯೇ ಮಾತು ಆರಂಭಿಸುತ್ತಾಳೆ. ಹ್ಯಾಮ್ಲೆಟ್ ಅವಳ ಮಾತನ್ನೇ ತಿರುಗಿಸಿ, ಆದರೆ ಬಹುವಚನದಲ್ಲಿ, ತಣ್ಣಗೆ ಉತ್ತರಿಸುತ್ತಾನೆ. ಅದರ ಚಳಿ ತಟ್ಟಿದ ತಾಯಿ ಮರುಮಾತಿನಲ್ಲಿ ತಾನೂ ಬಹುವಚನಕ್ಕೆ ಹೊರಳುತ್ತಾಳೆ. ಮೂರೇ ಸಾಲುಗಳಲ್ಲಿ ತಾಯಿಮಕ್ಕಳ ನಡುವೆ ಗೋಡೆಯೊಂದು ಎದ್ದುನಿಲ್ಲುತ್ತದೆ. ಅದನ್ನು ಕಟ್ಟಿದ್ದು ಸರ್ವನಾಮದ ಬದಲಾವಣೆ. ಸಿಟ್ಟಾದ ಹೆಂಡತಿ ದಿನವೂ ‘ನೀನು’ ಎನ್ನುವ ಗಂಡನಿಗೆ ಒಮ್ಮೆಲೇ ‘ನೀವು’ ಎಂದರೆ ಮನೆಯಲ್ಲಿ ಏನಾಗಿದೆಯೆಂದು ನಮಗೆ ಯಾರೂ ಹೇಳಬೇಕಾಗಿಲ್ಲವಷ್ಟೆ.

ರಂಗಭೂಮಿಯ ಹೊರಗೂ ಈ ಪದ ಆಯುಧವಾಗಿತ್ತು. 1603ರ ನವೆಂಬರಿನಲ್ಲಿ ವಿಂಚೆಸ್ಟರ್ ನಗರದಲ್ಲಿ ಸರ್ ವಾಲ್ಟರ್ ರಾಲೆಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರಕಾರದ ಪರವಾಗಿ ವಾದಿಸಿದ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್, ತುಂಬಿದ ನ್ಯಾಯಸಭೆಯಲ್ಲಿ ಸರ್ ಪದವಿಯ ಕುಲೀನನನ್ನು ‘ದೌ’ ಎಂದು ಕರೆದದ್ದಲ್ಲದೆ, ತಾನು ಬೇಕೆಂದೇ ಹಾಗೆ ಕರೆಯುತ್ತಿರುವುದಾಗಿ ಸಾರಿ ಹೇಳಿದ. ಆ ಮಾತು ಇಂಗ್ಲಿಷ್ ನ್ಯಾಯಾಲಯಗಳ ಚರಿತ್ರೆಯಲ್ಲಿ ಇಂದಿಗೂ ಕುಪ್ರಸಿದ್ಧವಾಗಿದೆ.

ಏಕವಚನಕ್ಕಾಗಿ ಏಟು ತಿಂದವರು

ಇದೇ ಪದವನ್ನು ಸಮಾನತೆಯ ಸಾಧನವಾಗಿ ಹಿಡಿದವರೂ ಉಂಟು. 17ನೆಯ ಶತಮಾನದ ನಡುಭಾಗದಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ನೇತೃತ್ವದಲ್ಲಿ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಧಾರ್ಮಿಕ ಪಂಥವೊಂದು ಹುಟ್ಟಿತು. ದೇವರ ಮುಂದೆ ಎಲ್ಲರೂ ಸಮಾನರಾದ್ದರಿಂದ ಯಾರ ಮುಂದೆಯೂ ಟೊಪ್ಪಿಗೆ ತೆಗೆಯಬಾರದು, ಒಬ್ಬನೇ ವ್ಯಕ್ತಿಯನ್ನು ಹಲವರೆಂಬಂತೆ ಕರೆಯುವುದು ಸುಳ್ಳು ಮತ್ತು ಮುಖಸ್ತುತಿ ಎಂಬುದು ಅವರ ನಂಬಿಕೆ. ಆದ್ದರಿಂದ ನ್ಯಾಯಾಧೀಶನಿರಲಿ ಶ್ರೀಮಂತನಿರಲಿ ಅವರು ಎಲ್ಲರಿಗೂ ‘ದೌ’ ಎಂದರು. ಇದಕ್ಕಾಗಿ ಅನೇಕರು ಬೈಗುಳ, ಹೊಡೆತಗಳನ್ನು ಸಹಿಸಬೇಕಾಯಿತು. ಫಾಕ್ಸ್ ಮತ್ತು ಸಂಗಡಿಗರು 1660ರಲ್ಲಿ ಅನೇಕ ಭಾಷೆಗಳ ಉದಾಹರಣೆಗಳನ್ನು ಕೊಟ್ಟು, ಏಕವಚನ–ಬಹುವಚನಗಳ ಸರಿಯಾದ ಪ್ರಯೋಗವನ್ನು ಕಲಿಸುವ ಪುಸ್ತಕವನ್ನೇ ಪ್ರಕಟಿಸಿದರು. ವ್ಯಾಕರಣದ ಪುಸ್ತಕವೊಂದು ಧರ್ಮಪ್ರಚಾರದ ಗ್ರಂಥವೂ ಆದ ಅಪರೂಪದ ಪ್ರಸಂಗವಿದು.

ಮುಂದೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ವಸಾಹತನ್ನು ಸ್ಥಾಪಿಸಿದ ವಿಲಿಯಂ ಪೆನ್ ತರುಣನಾಗಿದ್ದಾಗಲೇ ಈ ಪಂಥವನ್ನು ಸೇರಿದವನು. ಅವನ ತಂದೆ ನೌಕಾಪಡೆಯ ಅಡ್ಮಿರಲ್. ಮಗ ತನಗೇ ‘ದೌ’ ಎನ್ನತೊಡಗಿದಾಗ ಕಳವಳಗೊಂಡ ತಂದೆ, ಬೇರೆ ಯಾರನ್ನಾದರೂ ಹೇಗಾದರೂ ಕರೆದುಕೋ, ಅರಸನಿಗೆ, ಅರಸನ ತಮ್ಮನಿಗೆ ಮತ್ತು ನನಗೆ ಮಾತ್ರ ಹಾಗೆನ್ನಬೇಡ ಎಂದು ಬೇಡಿಕೊಂಡನೆಂದು ಪೆನ್ನನ ಜೀವನಚರಿತ್ರೆಗಳಲ್ಲಿ ಹೇಳಲಾಗಿದೆ. ಮಗ ಒಪ್ಪಲಿಲ್ಲ.

ದೇವರ ಮುಂದೆ ಏಕವಚನ

‘ದೌ’ ಎಂಬುದು ಅತ್ಯಂತ ಗೌರವದ, ಗಂಭೀರವಾದ ಸಂಬೋಧನೆಯೆಂಬ ಭಾವನೆ ಇಂದು ಅನೇಕರಲ್ಲಿದೆ. ಇದಕ್ಕೆ ಕಾರಣ ಬೈಬಲಿನ ಅನುವಾದಗಳು. 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್, ಮೂಲ ಗ್ರೀಕಿನಲ್ಲಿ ಏಕವಚನವಿದ್ದಲ್ಲಿ ‘ದೌ’, ಬಹುವಚನವಿದ್ದಲ್ಲಿ ‘ಯೀ’ ಎಂದು ನಿಷ್ಠೆಯಿಂದ ಅನುವಾದಿಸಿದ. 1611ರ ಪ್ರಸಿದ್ಧ ಕಿಂಗ್ ಜೇಮ್ಸ್ ಆವೃತ್ತಿಯೂ ಅದೇ ಪದ್ಧತಿಯನ್ನು ಅನುಸರಿಸಿತು. ಅದರಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’, ಕಳ್ಳನಿಗೂ ‘ದೌ’. ಆದರೆ ದಿನಬಳಕೆಯಲ್ಲಿ ಈ ಪದ ಸತ್ತು ಚರ್ಚಿನ ಪ್ರಾರ್ಥನೆಗಳಲ್ಲಿ ಮಾತ್ರ ಉಳಿದಾಗ, ಜನರು ಅದನ್ನು ದೇವರಿಗೆಂದೇ ಮೀಸಲಾದ ಪೂಜ್ಯಪದವೆಂದು ಭಾವಿಸಿದರು. 1952ರಲ್ಲಿ ಪೂರ್ಣಗೊಂಡ ಅಮೆರಿಕದ ಪರಿಷ್ಕೃತ ಆವೃತ್ತಿಯಲ್ಲಿ ಮನುಷ್ಯರಿಗೆಲ್ಲ ‘ಯೂ’ ಎಂದು ಬದಲಾಯಿಸಿ, ದೇವರನ್ನು ಸಂಬೋಧಿಸುವಲ್ಲಿ ಮಾತ್ರ ‘ದೌ’ ಉಳಿಸಿದರು. 1989ರ ಆವೃತ್ತಿಯಲ್ಲಿ ಅದನ್ನೂ ಬಿಟ್ಟರು. ಸಲಿಗೆಯ ಪದ ಹೀಗೆ ಭಯಭಕ್ತಿಯ ಪದವಾಗಿ ತಲೆಕೆಳಗಾಯಿತು.

ನಮ್ಮಲ್ಲಿ ಬಸವಣ್ಣನವರಾಗಲಿ ಅಕ್ಕಮಹಾದೇವಿಯಾಗಲಿ, ಪುರಂದರದಾಸರಾಗಲಿ ಕನಕದಾಸರಾಗಲಿ ಎಷ್ಟೋ ಕಡೆ ತಮ್ಮ ಇಷ್ಟದೈವವನ್ನು ‘ನೀನು’ ಎಂದು ಕರೆದರು. ಅಲ್ಲೆಲ್ಲ ‘ನೀವು’ ಬಂದಿದ್ದರೆ ಭಕ್ತನಿಗೂ ಭಗವಂತನಿಗೂ ನಡುವೆ ಎಷ್ಟು ದೂರ ಬೆಳೆಯುತ್ತಿತ್ತೆಂದು ಊಹಿಸಬಹುದು. ಆ ‘ನೀನು’ ದಿನವೂ ಮನೆಯಲ್ಲಿ ಆಡುವ ಪದವಾಗಿ ಉಳಿದಿರುವುದರಿಂದಲೇ ವಚನ, ಕೀರ್ತನೆಗಳ ಆಪ್ತತೆ ನಮಗೆ ಇಂದಿಗೂ ನೇರವಾಗಿ ತಲುಪುತ್ತದೆ.

ಏಕೆ ಅಳಿಯಿತು?

ಸುಮಾರು 1700ರ ವೇಳೆಗೆ ಶಿಷ್ಟ ಇಂಗ್ಲಿಷಿನ ಆಡುಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಗಿತ್ತು. ಕಾರಣ ಒಂದೇ ಎಂದು ಹೇಳಲಾಗದು. ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ವಿವರಣೆ ಹೀಗಿದೆ: ನಗರಗಳು ಬೆಳೆದವು, ವ್ಯಾಪಾರ ವೃದ್ಧಿಸಿತು, ಹೊಸದಾಗಿ ಹಣ ಕಂಡವರು ಹೆಚ್ಚಿದರು. ಎದುರಿಗಿರುವವನ ಸ್ಥಾನಮಾನವೇನೆಂದು ಮುಖ ನೋಡಿ ಹೇಳುವುದು ಕಷ್ಟವಾಯಿತು. ‘ದೌ’ ಎಂದು ಯಾರನ್ನಾದರೂ ನೋಯಿಸುವುದಕ್ಕಿಂತ ‘ಯೂ’ ಎನ್ನುವುದೇ ಕ್ಷೇಮವಾಯಿತು. ಹೀಗೆ ಮೇಲಿನವರ ಪದ ಮೆಲ್ಲಮೆಲ್ಲನೆ ಎಲ್ಲರ ಪದವಾಯಿತು. ‘ದೌ’ ಅಪರೂಪವಾದಷ್ಟೂ ಅದರ ಕಟುತ್ವ ಹೆಚ್ಚಿತು, ಕಟುತ್ವ ಹೆಚ್ಚಿದಷ್ಟೂ ಅದು ಇನ್ನೂ ಅಪರೂಪವಾಯಿತು.

ಎಲ್ಲ ದೇಶಗಳಲ್ಲಿಯೂ ಹೀಗೆಯೇ ಆಗಲಿಲ್ಲ. ಸ್ವೀಡನ್ನಿನಲ್ಲಿ 1960ರ ದಶಕದ ಉತ್ತರಾರ್ಧದಲ್ಲಿ ಇದಕ್ಕೆ ತದ್ವಿರುದ್ಧವಾದ ಬದಲಾವಣೆ ನಡೆಯಿತು. 1967ರಲ್ಲಿ ಅಲ್ಲಿನ ಸರಕಾರಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ಅವರು ತಮ್ಮ ಸಿಬ್ಬಂದಿಯನ್ನೆಲ್ಲ ‘ದೂ’ ಎಂದು, ಅಂದರೆ ಏಕವಚನದಲ್ಲಿ, ಕರೆಯುವುದಾಗಿ ಘೋಷಿಸಿದ್ದು ಆ ಬದಲಾವಣೆಯ ಸಂಕೇತವಾಗಿ ನೆನಪಿನಲ್ಲಿ ಉಳಿದಿದೆ. ಸಮಾನತೆಯತ್ತ ಇಂಗ್ಲಿಷರು ಎಲ್ಲರನ್ನೂ ‘ನೀವು’ ಎಂದು ಮೇಲೇರಿಸುವ ದಾರಿ ಹಿಡಿದರೆ, ಸ್ವೀಡನ್ನಿನವರು ಎಲ್ಲರನ್ನೂ ‘ನೀನು’ ಎಂದು ಹತ್ತಿರ ಕರೆಯುವ ದಾರಿ ಹಿಡಿದರು.

ಇಂಗ್ಲಿಷರು ಕಳೆದುಕೊಂಡದ್ದೇನು? ಮೊದಲನೆಯದು ಸ್ಪಷ್ಟತೆ. ‘ಯೂ’ ಎಂದರೆ ಒಬ್ಬರೋ ಹಲವರೋ ತಿಳಿಯದು. ಈ ಕೊರತೆಯನ್ನು ತುಂಬಲು ಅಮೆರಿಕದ ದಕ್ಷಿಣದವರು ‘ಯಾಲ್’ ಎಂದೂ, ಐರ್ಲೆಂಡಿನವರು ‘ಯೂಸ್’ ಎಂದೂ, ಬೇರೆ ಹಲವರು ‘ಯೂ ಗೈಸ್’ ಎಂದೂ ಹೊಸ ಬಹುವಚನಗಳನ್ನು ಕಟ್ಟಿಕೊಳ್ಳಬೇಕಾಯಿತು. ಎರಡನೆಯ ನಷ್ಟ ಇನ್ನೂ ದೊಡ್ಡದು, ಅದನ್ನು ತುಂಬಿಕೊಳ್ಳಲು ಅವರಿಗೆ ಆಗಿಲ್ಲ. ಅದೇ ಆಪ್ತತೆಯ ಪದ. ಬೈಗುಳದ ‘ದೌ’ ಹೋದಾಗ ಅದರ ಜತೆಗೆ ತಾಯಿ ಮಗುವಿಗೆ ಹೇಳುವ ‘ದೌ’ ಕೂಡ ಹೋಯಿತು. ಯಾರ್ಕ್‌ಷೈರ್‌ನಂಥ ಉತ್ತರದ ಕೆಲವು ಪ್ರದೇಶಗಳ ಹಳೆಯ ಆಡುಮಾತಿನಲ್ಲಿ ಮಾತ್ರ ಅದು ‘ದ’ ಎಂಬ ಮೊಟಕು ರೂಪದಲ್ಲಿ ಬಹುಕಾಲ ಉಳಿಯಿತು. 1950ರ ದಶಕದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ಮುಂದಾಳತ್ವದಲ್ಲಿ ನಡೆದ ಉಪಭಾಷಾ ಸಮೀಕ್ಷೆ ಹಳ್ಳಿಯ ಹಿರಿಯರ ಬಾಯಲ್ಲಿ ಇದನ್ನು ದಾಖಲಿಸಿಕೊಂಡಿತು.

ನಮ್ಮ ಮನೆಗಳಲ್ಲಿ

19ನೆಯ ಶತಮಾನದಲ್ಲಿ ಕನ್ನಡವನ್ನು ಕಲಿತ ಪಾದ್ರಿಗಳಿಗೆ ‘ನೀನು’ ಎಂಬ ಪದಕ್ಕೆ ಇಂಗ್ಲಿಷ್ ಅರ್ಥ ಬರೆಯಬೇಕಾಗಿ ಬಂದಾಗ ಅವರು ಈ ಹಳೆಯ ‘ದೌ’ವನ್ನೇ ಆಶ್ರಯಿಸಿದರು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಫರ್ಡಿನಾಂಡ್ ಕಿಟೆಲ್ಲರ ನಿಘಂಟು ಇದಕ್ಕೆ ಸಾಕ್ಷಿ. ಇಂಗ್ಲೆಂಡಿನ ಬೀದಿಗಳಲ್ಲಿ ಆಗಲೇ ಇಲ್ಲವಾಗಿದ್ದ ಪದ ನಮ್ಮ ‘ನೀನು’ವಿನ ಪಕ್ಕದಲ್ಲಿ ಅರ್ಥವಾಗಿ ನಿಂತಿತು, ಏಕೆಂದರೆ ‘ಯೂ’ ಎಂಬುದರಿಂದ ಆ ಕೆಲಸ ಆಗುತ್ತಿರಲಿಲ್ಲ.

ಇಂದಿಗೂ ಆಗುವುದಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಇಡೀ ದಿನ ‘ಯೂ’ ಎಂಬ ಒಂದೇ ಪದದಿಂದ ವ್ಯವಹರಿಸಿ ಮನೆಗೆ ಬರುತ್ತಾರೆ. ನೆರೆಯ ಭಾಷೆಗಳು ಈ ವಿಷಯದಲ್ಲಿ ನಮಗೆ ನೆರವಾಗಿವೆ; ಮರಾಠಿಯ ‘ತೂ’ ‘ತುಮ್ಹಿ’, ಹಿಂದಿಯ ‘ತೂ’ ‘ತುಮ್’ ‘ಆಪ್’, ತಮಿಳಿನ ‘ನೀ’ ‘ನೀಂಗಳ್’, ತೆಲುಗಿನ ‘ನುವ್ವು’ ‘ಮೀರು’ ಇವೆಲ್ಲವೂ ಈ ಭೇದವನ್ನು ಉಳಿಸಿಕೊಂಡಿವೆ. ತುಳುವಿನಲ್ಲಂತೂ ಸಲಿಗೆಗೆ ‘ಈ’, ಗೌರವಕ್ಕೆ ‘ಈರ್’, ಹಲವರಿಗೆ ‘ನಿಕುಲು’ ಎಂದು ಮೂರು ಪದಗಳಿವೆ. ಆದರೆ ಮನೆಯೊಳಗೂ ಇಂಗ್ಲಿಷೇ ಮೊದಲ ಭಾಷೆಯಾದ ಕಡೆಗಳಲ್ಲಿ ಮಗು ಮನೆಗೆ ಬಂದ ಹಿರಿಯರಿಗೆ ‘ನೀನು ಬಾ’ ಎಂದುಬಿಡುತ್ತದೆ; ತಿದ್ದಿದರೆ ತಮ್ಮನಿಗೂ ‘ನೀವು ಬನ್ನಿ’ ಎನ್ನುತ್ತದೆ. ಇದು ಅವಿಧೇಯತೆಯಲ್ಲ, ಎರಡು ಪದಗಳನ್ನು ಅದು ಒಂದೇ ಪದವೆಂದು ತಿಳಿದಿದೆ, ಅಷ್ಟೆ.

ಆಗ ನಾವು ಸಾಮಾನ್ಯವಾಗಿ ‘ದೊಡ್ಡವರಿಗೆ ನೀವು ಅನ್ನಬೇಕು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಅದು ಅರ್ಧ ಪಾಠ. ಎಷ್ಟೋ ಕನ್ನಡ ಮನೆಗಳಲ್ಲಿ ಅಮ್ಮನನ್ನೂ ಅಜ್ಜಿಯನ್ನೂ ‘ನೀನು’ ಎನ್ನುತ್ತಾರೆ, ಅದರಲ್ಲಿ ಅಗೌರವವಿಲ್ಲ. ಬೇರೆ ಮನೆಗಳಲ್ಲಿ ‘ನೀವು’ ಎನ್ನುತ್ತಾರೆ, ಅದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಯಾರಿಗೆ ಯಾವುದು ಎಂಬುದನ್ನು ಆಯಾ ಮನೆಯ ರೂಢಿ ನಿರ್ಧರಿಸಲಿ. ಮಗುವಿನ ಬಳಿ ಎರಡೂ ಪದಗಳು, ‘ಬಾ’ ಮತ್ತು ‘ಬನ್ನಿ’, ‘ತಿಂದೆಯಾ’ ಮತ್ತು ‘ತಿಂದಿರಾ’ ಎಂಬ ಕ್ರಿಯಾರೂಪಗಳೊಡನೆ ಜೀವಂತವಾಗಿ ಇರುವುದು ಮುಖ್ಯ. ನಿಯಮಗಳಿಂದ ಇದು ಬರುವುದಿಲ್ಲ. ಊರಿನ ಅಜ್ಜನೊಡನೆ ದೂರವಾಣಿಯಲ್ಲಿ ಆಡುವ ಮಾತಿನಿಂದ, ಸಂಘದ ಸಮಾರಂಭದಲ್ಲಿ ಹಿರಿಯರಿಗೂ ಓರಗೆಯವರಿಗೂ ಹೇಳುವ ನಮಸ್ಕಾರದಿಂದ, ಮನೆಯಲ್ಲಿ ಹಾಡುವ ದಾಸರ ಪದಗಳಿಂದ ಬರುತ್ತದೆ.

ಇಂಗ್ಲಿಷ್ ಜಗತ್ತಿನ ದೊಡ್ಡ ಭಾಷೆ, ಅಪಾರ ಶಬ್ದಸಂಪತ್ತಿನ ಭಾಷೆ. ಆದರೂ ಒಬ್ಬ ಮನುಷ್ಯ ಮತ್ತೊಬ್ಬನನ್ನು ಹತ್ತಿರ ಕರೆಯಲು ಅದರಲ್ಲಿದ್ದ ಪುಟ್ಟ ಪದವೊಂದು, ಯಾರೂ ನಿಷೇಧಿಸದೆ, ಯಾರಿಗೂ ಗೊತ್ತಾಗದೆ, ಎರಡು ಮೂರು ತಲೆಮಾರುಗಳ ಅಲಕ್ಷ್ಯದಿಂದ ಬಿದ್ದುಹೋಯಿತು. ಬಿದ್ದ ಮೇಲೆ ಷೇಕ್ಸ್‌ಪಿಯರನಂಥವನ ಪ್ರತಿಭೆಗೂ ಅದನ್ನು ಜನರ ನಾಲಿಗೆಗೆ ಮರಳಿ ತರಲಾಗಲಿಲ್ಲ. ಪರಸ್ಥಳದಲ್ಲಿ ನೆಲೆಸಿ ಮೂರನೆಯ ತಲೆಮಾರನ್ನು ಕಾಣುತ್ತಿರುವ ನಮ್ಮ ಕುಟುಂಬಗಳು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.